ಕುರಿಗಾಹಿಯ ಕಾಲ್ಗೆಜ್ಜೆ

ಕುವೈತಿನ ಮಿರ್ಕಾಬಿನಲ್ಲಿರುವ ನಮ್ಮ ಅಂಗಡಿಯ ಹಿಂಬದಿಯಲ್ಲಿ ಒಂದು ಕಬ್ಬಿಣದ ಕಪಾಟಿದೆ. ಅದನ್ನು ಯಾರೂ ತೆರೆಯುವುದಿಲ್ಲ, ಯಾರೂ ಹೊರಗೆ ಹಾಕುವುದೂ ಇಲ್ಲ. ನಿವೃತ್ತಿಯ ಅಂಚಿನಲ್ಲಿರುವ ಹೆಡ್ ಕ್ಲಾರ್ಕಿಗೆ ಕಚೇರಿಯಲ್ಲಿ ಸಿಗುವ ಗೌರವ ಅದಕ್ಕೆ ಸಿಕ್ಕಿದೆ. ಕಳೆದ ವಾರ ಏಸಿಯ ನೀರು ತೊಟ್ಟಿಕ್ಕಿ ಅದರ ಬುಡ ನೆನೆದದ್ದರಿಂದ ತೆರೆಯಲೇಬೇಕಾಯಿತು. ಒಳಗೆ, ಕಂಪ್ಯೂಟರ್ ಬಂದ ಮೇಲೂ ನಾನು ಹಟ ಹಿಡಿದು ಕೈಯಲ್ಲೇ ಚಿತ್ರ ಬರೆಯುತ್ತಿದ್ದ ಕಾಲದ ಟ್ರೇಸಿಂಗ್ ಹಾಳೆಗಳು. ಮೇಲಿನ ಹಾಳೆಯಲ್ಲಿ ಒಬ್ಬ ಹುಡುಗ ಎಳೆಗರುವೊಂದನ್ನು ಹೆಗಲ ಮೇಲೆ ಹೊತ್ತು ನಿಂತಿದ್ದಾನೆ. ತಲೆಯಲ್ಲಿ ನವಿಲುಗರಿ ಇದ್ದ ಕಡೆ ರಬ್ಬರಿನಿಂದ ಉಜ್ಜಿದ ಮಸುಕು. ಕೊಳಲನ್ನು ಮೇಲಕ್ಕೂ ಕೆಳಕ್ಕೂ ಎಳೆದು ದೊಣ್ಣೆ ಮಾಡಿದ್ದು ಕಾಣುತ್ತದೆ. ಕರುವಿನ ಮೈಮೇಲೆ ಬೇರೆ ಪೆನ್ಸಿಲಿನಲ್ಲಿ ಸುರುಳಿ ಸುರುಳಿ ಉಣ್ಣೆ. ಬಲಗಾಲಿನಲ್ಲಿ ಗೆಜ್ಜೆ.

ಆ ಗೆಜ್ಜೆಯನ್ನು ನೋಡಿ ನಾನು ಅಲ್ಲೇ ಒಂದು ರಟ್ಟಿನ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟೆ. ಓದುಗರು ಅನುಮತಿಸಿದರೆ ಅದರ ಕತೆ ಹೇಳುತ್ತೇನೆ. ಅನುಮತಿಸದಿದ್ದರೂ ಹೇಳುವ ವಯಸ್ಸು ನನಗಾಗಿದೆ.

ನನ್ನ ಕಸುಬು ಜನರ ಹೆಸರನ್ನು ಲೋಹದಲ್ಲಿ ಕೊರೆಯುವುದು. ಕ್ರಿಕೆಟ್ ಪಂದ್ಯ ಗೆದ್ದವರ ಕಪ್ಪು, ಕಂಪೆನಿಯಿಂದ ನಿವೃತ್ತರಾದವರ ಫಲಕ, ದಂತವೈದ್ಯರ ಬಾಗಿಲಿನ ಹೆಸರುಪಟ್ಟಿ, ಸಂಘಗಳ ಅಧ್ಯಕ್ಷರು ತಮಗೆ ತಾವೇ ಸಂಕೋಚದಿಂದ ಮಾಡಿಸಿಕೊಳ್ಳುವ ಸನ್ಮಾನದ ತಟ್ಟೆ, ಎಲ್ಲಕ್ಕೂ ನಮ್ಮಲ್ಲಿ ಸಿದ್ಧ ಮಾದರಿಗಳಿವೆ. ಎರಡು ಕಡೆಯಿಂದ ಬಾಗಿ ಬರುವ ಎಲೆಗಳ ಮಾಲೆ, ನಡುವೆ ಖಾಲಿ ಜಾಗ. ಗೆದ್ದವನು ಯಾರೆಂದು ಗೊತ್ತಾದ ಮೇಲೆ ಆ ಜಾಗದಲ್ಲಿ ಹೆಸರು. ಇಪ್ಪತ್ತೆಂಟು ವರ್ಷಗಳಿಂದ ಹೀಗೆ ಇತರರ ಕೀರ್ತಿಯನ್ನು ಶಾಶ್ವತಗೊಳಿಸುತ್ತ ಬಂದಿದ್ದೇನೆ. ನನ್ನ ಹೆಸರು ಲೋಹದಲ್ಲಿ ಇರುವುದು ಎರಡೇ ಕಡೆ: ನನ್ನ ಟಿಫಿನ್ ಕ್ಯಾರಿಯರಿನ ಮುಚ್ಚಳದ ಮೇಲೆ, ಮತ್ತು ಅದು ಒಮ್ಮೆ ಕಳುವಾದ್ದರಿಂದ ತಂದ ಇನ್ನೊಂದು ಕ್ಯಾರಿಯರಿನ ಮುಚ್ಚಳದ ಮೇಲೆ.

ಸಿದ್ಧ ಮಾದರಿಯ ವಿದ್ಯೆ ನನಗೆ ರಕ್ತದಲ್ಲೇ ಬಂದದ್ದು. ನಾನು ಹುಟ್ಟಿದ್ದು ಕರಾವಳಿಯಲ್ಲಿ, ಚಿನ್ನದ ಕೆಲಸದ ಆಚಾರಿಗಳ ಮನೆಯಲ್ಲಿ. ಅಪ್ಪನ ಹತ್ತಿರ ಮಾವಿನಕಾಯಿಯ ಆಕಾರದ ಒಂದು ಕಂಚಿನ ಅಚ್ಚಿತ್ತು. ಬಂಟರ ಮನೆಯ ಮದುಮಗಳ ಸರಕ್ಕೂ ಅದೇ ಮಾವಿನಕಾಯಿ, ಪೊರ್ಬುಗಳ ಮನೆಯ ಮದುಮಗಳ ಸರಕ್ಕೂ ಅದೇ. (ಕೊಂಕಣಿ ಮಾತಾಡುವ ಕ್ರೈಸ್ತರನ್ನು ನಮ್ಮ ಕಡೆ ಗೌರವದಿಂದ ಪೊರ್ಬುಗಳು ಎನ್ನುತ್ತೇವೆ.) ಒಂದು ಸರದ ನಡುವೆ ಲಕ್ಷ್ಮಿ ಕುಳಿತರೆ ಇನ್ನೊಂದರ ನಡುವೆ ಶಿಲುಬೆ ತೂಗುತ್ತಿತ್ತು, ಎರಡು ಬದಿಯ ಮಾವಿನಕಾಯಿಗಳು ಮಾತ್ರ ಅಕ್ಕತಂಗಿಯರು. ಆರೋ ಏಳೋ ವರ್ಷದವನಾಗಿದ್ದಾಗ ನಾನು, "ಅಪ್ಪ, ಇದು ಯಾರ ಮಾವಿನಕಾಯಿ, ನಮ್ಮದಾ, ಪೊರ್ಬುಗಳದ್ದಾ?" ಎಂದು ಕೇಳಿದ್ದೆ. ಅಪ್ಪ ಊದುಕೊಳವೆಯಲ್ಲಿ ಊದುತ್ತಿದ್ದರು. ಊದಿ ಮುಗಿಸಿ, ಕೊಳವೆ ಕೆಳಗಿಟ್ಟು, ಬಾಯಿ ಒರೆಸಿಕೊಂಡು, "ಮರದ್ದು," ಎಂದರು. ಆ ದಿನಕ್ಕೆ ಅಪ್ಪನ ಉಪದೇಶ ಅಷ್ಟೇ. ನನಗೆ ನೆನಪಿರುವ ಮಟ್ಟಿಗೆ ಆ ವರ್ಷಕ್ಕೂ ಅಷ್ಟೇ.

ಹದಿನಾಲ್ಕು ವರ್ಷದ ಹಿಂದೆ ಅಷ್ಟಮಿಯ ಕಾರ್ಯಕ್ರಮಕ್ಕೆಂದು ನಮ್ಮ ತುಳುವರ ಸಂಘವೊಂದು ಕೃಷ್ಣನಿರುವ ಫಲಕ ಕೇಳಿತ್ತು. ಬೆಣ್ಣೆ ತಿನ್ನುವ ಕೃಷ್ಣ, ಕೊಳಲೂದುವ ಕೃಷ್ಣ ಬರೆದು ಬರೆದು ನನಗೂ ಬೇಸರ, ಕೃಷ್ಣನಿಗೂ ಬೇಸರ ಬಂದಿರಬೇಕು. ಈ ಸಲ ಕರು ಹೊತ್ತ ಗೋವಳನನ್ನು ಬರೆದೆ. ಅಪ್ಪನ ಮಗನಾದ್ದರಿಂದ ಒಡವೆಯಲ್ಲಿ ಧಾರಾಳಿಯಾದೆ. ಕಾಲಿನ ಗೆಜ್ಜೆಯ ಒಂದೊಂದು ಗುಂಡನ್ನೂ ಎಣಿಸುವ ಹಾಗೆ ಬರೆದೆ. ಸಂಘದವರು ಮೆಚ್ಚಿದರು.

ತಿಂಗಳು ತುಂಬುವುದರೊಳಗೆ ಇನ್ನೊಂದು ಆರ್ಡರ್ ಬಂತು. ಇಗರ್ಜಿಯ ಗಾಯನ ತಂಡಕ್ಕೆ ಇಪ್ಪತ್ತೈದು ವರ್ಷ ನಿಲುವಂಗಿ ಹೊಲಿದುಕೊಟ್ಟ ಟೈಲರೊಬ್ಬರಿಗೆ ಆ ತಂಡದವರು ಹಿತ್ತಾಳೆಯ ಫಲಕ ಕೊಡುವವರಿದ್ದರು. ಅದರಲ್ಲಿ ಕಳೆದುಹೋದ ಕುರಿಮರಿಯನ್ನು ಹುಡುಕಿ ಹೊತ್ತು ತರುವ ಕುರಿಗಾಹಿ ಕ್ರಿಸ್ತನ ಚಿತ್ರವಿರಬೇಕು. ನಾಳೆಯೇ ಬೇಕು. ಈ ದೇಶದಲ್ಲಿ ಎಲ್ಲವೂ ನಾಳೆಯೇ ಬೇಕು, ಇಕಾಮಾ ಎಂಬ ವಾಸದ ಪರವಾನಗಿಯ ನವೀಕರಣ ಒಂದನ್ನು ಬಿಟ್ಟು. ನಾನು ಅಷ್ಟಮಿಯ ಹಾಳೆಯನ್ನೇ ತೆಗೆದು ತಿದ್ದಿದೆ. ನವಿಲುಗರಿ ಹೋಯಿತು. ಕೊಳಲು ದೊಣ್ಣೆಯಾಯಿತು. ಪೀತಾಂಬರ ಮೊಣಕಾಲಿನವರೆಗಿನ ಅಂಗಿಯಾಯಿತು. ಕರುವಿಗೆ ಉಣ್ಣೆ ಬಂತು. ಎಡಗಾಲಿನ ಮುಂದೆ ಒಂದು ಹುಲ್ಲಿನ ಪೊದೆ ಬೆಳೆಸಿ ಅಲ್ಲಿನ ಗೆಜ್ಜೆಯನ್ನು ಮರೆಮಾಡಿದೆ. ಬಲಗಾಲಿನದ್ದು ಮರೆತೇ ಹೋಯಿತು.

ಅಂಗಡಿಯಿಂದ ಹೊರಡುವ ಪ್ರತಿಯೊಂದು ಕೆಲಸವನ್ನೂ ನಮ್ಮ ಮೇಲ್ವಿಚಾರಕ ಹಸನಬ್ಬಾಕ ಪರೀಕ್ಷಿಸುತ್ತಾರೆ. ಉಳ್ಳಾಲದ ಕಡೆಯ ಬ್ಯಾರಿ ಮುಸ್ಲಿಮರು. ನನಗಿಂತ ನಾಲ್ಕು ವರ್ಷಕ್ಕೆ ಹಿರಿಯರು. ಅವರದ್ದು ಒಂದು ನಿಯಮ. "ಚಿತ್ರ ನಿಮ್ಮ ಖಾತೆ ಆಚಾರ್ರೇ. ನಾನು ನೋಡುವುದು ಅಳತೆ ಮಾತ್ರ." ಸ್ಕೇಲು ಇಟ್ಟು ನೋಡಿ, "ಹನ್ನೆರಡು ಬೈ ಎಂಟು, ಸರಿ ಉಂಟು," ಎಂದು ಕಟ್ಟಿಸಿ ಕಳುಹಿಸಿದರು. ಹೀಗೆ ನಂದಗೋಕುಲದ ಹುಡುಗ ಒಂದು ಕಾಲಿನಲ್ಲಿ ಗೆಜ್ಜೆ ಇಟ್ಟುಕೊಂಡೇ ಬೆತ್ಲೆಹೇಮಿನ ಕಡೆಗೆ ಹೊರಟುಹೋದ.

ಫಲಕ ಹೋಗಿ ಸೇರಿದ್ದು ಸಿಪ್ರಿಯಾನ್ ಪೊರ್ಬುಗಳ ಮನೆಗೆ ಎಂದು ತಿಳಿದಾಗ ನನಗೆ ಸಂತೋಷವೇ ಆಯಿತು. ಖೈತಾನಿನ ಒಂದು ಟೈಲರ್ ಅಂಗಡಿಯಲ್ಲಿ ಅವರು ಕಟಿಂಗ್ ಮಾಸ್ಟರ್. ನನ್ನ ಪ್ಯಾಂಟುಗಳೆಲ್ಲ ಅವರ ಕತ್ತರಿಯಿಂದ ಬಂದವು. ನನ್ನ ಸೊಂಟದ ನಿಜವಾದ ಇತಿಹಾಸ ಇರುವುದು ಅವರ ಅಳತೆ ಪುಸ್ತಕದಲ್ಲಿ ಮಾತ್ರ. ಉಳಿದ ಕಡೆಯೆಲ್ಲ ನಾನು ಹೇಳಿದ್ದನ್ನು ಬರೆದುಕೊಂಡಿದ್ದಾರೆ. ಅವರ ಮನೆಯ ಹಜಾರದಲ್ಲಿ, ಫ್ರಿಡ್ಜಿನ ಪಕ್ಕದ ಗೋಡೆಯಲ್ಲಿ ಫಲಕ ಹತ್ತು ವರ್ಷ ತೂಗಿತು. ನಾನು ವರ್ಷಕ್ಕೆರಡು ಸಲ ಹೋಗಿ ಅದರ ಕೆಳಗೆ ಕುಳಿತು ಚಹಾ ಕುಡಿದು ಬರುತ್ತಿದ್ದೆ. ನನ್ನ ಕೈಕೆಲಸವನ್ನು ತಲೆಯೆತ್ತಿ ಮೆಚ್ಚಿಕೊಳ್ಳುತ್ತಲೂ ಇದ್ದೆ. ನನ್ನ ಕಣ್ಣಿಗೂ ಗೆಜ್ಜೆ ಬೀಳಲಿಲ್ಲ ಎಂಬುದು ದಾಖಲಾಗಲಿ.

ಆಮೇಲೆ ಪೊರ್ಬುಗಳ ಕಣ್ಣು ಹೋಯಿತು. ಸಕ್ಕರೆ ಕಾಯಿಲೆ ಮೊದಲು ಎಡಗಣ್ಣನ್ನು, ಎಂಟು ತಿಂಗಳ ನಂತರ ಬಲಗಣ್ಣನ್ನು ತೆಗೆದುಕೊಂಡಿತು. ಅವರ ಹೆಂಡತಿ ಹಿಲ್ಡಾ ಬಾಯಿಗೆ ಶಾಲೆಯೊಂದರ ಆಫೀಸಿನಲ್ಲಿ ಕೆಲಸವಿತ್ತು. ಹೆಂಡತಿಯ ವೀಸಾದ ಆಸರೆಯಲ್ಲಿ ಗಂಡ ಮನೆಯಲ್ಲಿ ಉಳಿದರು. ನೋಡಲು ಹೋದಾಗ ಸೋಫಾದಲ್ಲಿ ಕುಳಿತಿದ್ದರು. ಗೋಡೆಯಲ್ಲಿದ್ದ ಫಲಕ ಅವರ ತೊಡೆಯ ಮೇಲಿತ್ತು.

"ಆಚಾರ್ರೇ ಅಲ್ವಾ? ಎಡಗಾಲು ಎಳೆದು ಹಾಕ್ತೀರಿ ನೀವು. ಕಣ್ಣಿದ್ದಾಗ ನನಗೆ ಗೊತ್ತೇ ಇರ್ಲಿಲ್ಲ," ಎಂದರು. ನಮ್ಮ ಮಾತು ತುಳುವಿನಲ್ಲಿ ಶುರುವಾಗಿ ಕನ್ನಡಕ್ಕೆ ಜಾರುವುದು ರೂಢಿ. "ಕೂತ್ಕೊಳ್ಳಿ. ಒಂದು ಸಂಗತಿ ಕೇಳ್ಬೇಕಿತ್ತು." ಅವರ ತೋರುಬೆರಳು ಹಿತ್ತಾಳೆಯ ಮೇಲೆ ನಡೆಯಿತು. ಕುರಿಯ ಉಣ್ಣೆ, ದೊಣ್ಣೆ, ಅಂಗಿಯ ಅಂಚು. ನಲವತ್ತು ವರ್ಷ ಬಟ್ಟೆಯಲ್ಲಿ ಹೊಲಿಗೆ ತಪ್ಪಿದ ಕಡೆಯನ್ನು ಹುಡುಕಿದ ಬೆರಳು ಅದು. ಬಲಪಾದದ ಮೇಲೆ ನಿಂತಿತು. "ನಿಮ್ಮ ಕುರಿಗಾಹಿಯ ಕಾಲಿಗೆ ಎಂತ ಕಟ್ಟಿದ್ದೀರಿ ಮಾರಾಯ್ರೇ?"

ಬಗ್ಗಿ ನೋಡಿದೆ. ಹತ್ತು ವರ್ಷದ ಮೇಲೆ ಮೊದಲ ಸಲ ಕಂಡಿತು. ಕಣ್ಣಿಲ್ಲದವರ ಮುಂದೆ ಮುಖ ಮುಚ್ಚಿಕೊಳ್ಳುವ ಅಗತ್ಯವಿರಲಿಲ್ಲ, ಆದರೂ ಮುಚ್ಚಿಕೊಂಡೆ.

"ಅದು ಬೂಟಿನ ಪಟ್ಟಿ, ಪೊರ್ಬುಗಳೇ. ರೋಮಿನ ಕಾಲದ ಬೂಟು. ಹಾಗೇ ಇರ್ತಿತ್ತು," ಎಂದೆ.

"ಹೌದಾ," ಎಂದರು ಅವರು. "ಎಲ್ಲಿ ನೋಡಿದಿರಿ?"

"ಒಂದು ಪುಸ್ತಕದಲ್ಲಿ."

"ಹಾಗಾದರೆ ಮುಂದಿನ ಶುಕ್ರವಾರ ಅದನ್ನು ತನ್ನಿ. ನನಗೆ ಓದಿ ಹೇಳಿ."

ಪುಸ್ತಕ ಇರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಸುಳ್ಳಿಗೆ ಆಧಾರ ಗ್ರಂಥ ಹುಡುಕುವುದು ವಿದ್ವಾಂಸರಿಗೆ ಅಭ್ಯಾಸವಿರಬಹುದು, ನನಗೆ ಹೊಸದು. ದೇಶ ಬಿಟ್ಟು ಹೋಗುವವರು ಮಾರುವ ಸಾಮಾನುಗಳ ನಡುವೆ, ಇಸ್ತ್ರಿಪೆಟ್ಟಿಗೆ ಮತ್ತು ಮಗುವಿನ ಸೈಕಲ್ಲಿನ ಪಕ್ಕದಲ್ಲಿ, ಹಳೆಯ ರೋಮಿನ ಚಿತ್ರಗಳ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಸಿಕ್ಕಿತು. ಯಾರೋ ಶಾಲಾ ಮಾಸ್ತರರದ್ದು. ರಟ್ಟು ಹೋಗಿತ್ತು, ಮೊದಲ ಹದಿನಾರು ಪುಟವೂ ಹೋಗಿತ್ತು. ಬರೆದವರು ಯಾರೆಂದು ಇಂದಿಗೂ ತಿಳಿಯದು. ಊಟದ ವಿರಾಮದಲ್ಲಿ, ಟಿಫಿನ್ ಕ್ಯಾರಿಯರನ್ನು ದೂರ ಸರಿಸಿ, ನಿಘಂಟು ಇಟ್ಟುಕೊಂಡು ಓದತೊಡಗಿದೆ. ಬೂಟಿನ ಪಟ್ಟಿ ಸಿಕ್ಕರೆ ಸಾಕಿತ್ತು.

ಸಿಕ್ಕಿತು. ರೋಮಿನ ನೆಲದಡಿಯ ಸಮಾಧಿಗಳ ಗೋಡೆಯ ಮೇಲೆ ಕ್ರೈಸ್ತರು ಬರೆಸಿದ ಕುರಿಗಾಹಿ ಮೊಣಕಾಲಿನವರೆಗೆ ಪಟ್ಟಿ ಸುತ್ತಿಕೊಂಡೇ ನಿಂತಿದ್ದ. ಸುಳ್ಳು ಹೇಳಿ ಮುಗಿಸಿದ ಮೇಲೆ ಪುರಾವೆ ಸಿಕ್ಕಿದವನ ಸಂಕಟ ದೊಡ್ಡದು. ತಪ್ಪೊಪ್ಪಿಕೊಳ್ಳುವ ದಾರಿಯೇ ಮುಚ್ಚಿಹೋಗುತ್ತದೆ. ಆದರೆ ಅದೇ ಪುಟದ ಕೆಳಗೆ ಇನ್ನೊಂದು ಚಿತ್ರವಿತ್ತು. ಅದೇ ನಿಲುವು, ಅದೇ ಹೆಗಲು, ಹೆಗಲ ಮೇಲೆ ಅದೇ ರೀತಿಯ ಟಗರು. ಅವನು ಕ್ರಿಸ್ತನಲ್ಲ, ಗ್ರೀಕರ ಒಬ್ಬ ದೇವತೆ. ಕ್ರಿಸ್ತ ಹುಟ್ಟುವುದಕ್ಕೆ ಐನೂರು ವರ್ಷ ಮೊದಲಿನವನು. ಅಂದರೆ ಮೊದಲ ಕ್ರೈಸ್ತರಿಗೆ ಕುರಿಗಾಹಿ ಬೇಕಾದಾಗ ಚಿತ್ರ ಬರೆಯುವವನು ತನ್ನ ಕಪಾಟು ತೆರೆದು ಹಳೆಯ ಹಾಳೆಯನ್ನೇ ತಿದ್ದಿದ್ದ.

ಆ ಮಧ್ಯಾಹ್ನ ನಾನು ಊಟ ಮಾಡಲಿಲ್ಲ. ಹದಿನೇಳು ಶತಮಾನದ ಹಿಂದಿನ ಆ ಅಪರಿಚಿತ ಕುಶಲಕರ್ಮಿಯನ್ನು ತಬ್ಬಿಕೊಳ್ಳಬೇಕೆನಿಸಿತು. ಅವನಿಗೂ ನಾಳೆಯೇ ಕೊಡಬೇಕಿತ್ತೇನೋ.

ಹೀಗೆ ಶುಕ್ರವಾರಗಳು ಆರಂಭವಾದವು. ಕುವೈತಿನಲ್ಲಿ ರಜೆ ಶುಕ್ರವಾರ. ಆದ್ದರಿಂದ ಇಲ್ಲಿನ ಕ್ರೈಸ್ತರು ಭಾನುವಾರದ ಬಲಿಪೂಜೆಗೂ ಹೆಚ್ಚಾಗಿ ಶುಕ್ರವಾರವೇ ಹೋಗುತ್ತಾರೆ. ಹಿಲ್ಡಾ ಬಾಯಿ ಗಂಡನನ್ನು ಪೂಜೆಗೆ ಕರೆದೊಯ್ದು ತಂದ ಮೇಲೆ ನಾನು ಹೋಗುತ್ತಿದ್ದೆ. ರೋಮಿನಲ್ಲಿ ಭಾನುವಾರ ಮೊದಲು ಸೂರ್ಯನ ದಿನವಾಗಿತ್ತು ಎಂದು ಓದಿ ಹೇಳಿದಾಗ ಪೊರ್ಬುಗಳು ನಕ್ಕರು. "ಸೂರ್ಯನದ್ದನ್ನು ನಾವು ತೆಗೆದುಕೊಂಡೆವು. ಇಲ್ಲಿಗೆ ಬಂದು ಶುಕ್ರವಾರಕ್ಕೆ ಬಾಡಿಗೆಗೆ ಕೂತೆವು."

ನಾನು ಚಿತ್ರ ನೋಡಿ ಮಾತಿನಲ್ಲಿ ಬರೆಯುತ್ತಿದ್ದೆ, ಅವರು ಕೇಳುತ್ತಿದ್ದರು. ಇದು ಕಷ್ಟದ ಕೆಲಸ. 'ಚೆನ್ನಾಗಿದೆ' ಎಂದರೆ ಕುರುಡರಿಗೆ ಏನೂ ಹೇಳಿದಂತಾಗುವುದಿಲ್ಲ. ತೋಳು ಎಲ್ಲಿದೆ, ಬಟ್ಟೆಯ ನೆರಿಗೆ ಯಾವ ಕಡೆ ಬೀಳುತ್ತದೆ, ಎಲ್ಲ ಹೇಳಬೇಕು. ಮೀನಿನ ಹೊಟ್ಟೆಯಿಂದ ಹೊರಬಂದ ಬೈಬಲಿನ ಯೋನ ಸೋರೆಬಳ್ಳಿಯ ಕೆಳಗೆ ಬೆತ್ತಲೆ ಮಲಗಿದ್ದಾನೆ, ಒಂದು ಕೈ ತಲೆಯ ಮೇಲೆ, ಎಂದೆ. ಮುದುಕ ಪ್ರವಾದಿಗೆ ಅಷ್ಟು ಸೊಗಸಾದ ಮೈ ಎಲ್ಲಿಂದ ಬಂತು ಎಂದು ಅವರು ಕೇಳಿದರು. ಅದು ಗ್ರೀಕರ ಚಂದ್ರದೇವಿ ಮೋಹಿಸಿದ ಒಬ್ಬ ಚೆಲುವ ದನಗಾಹಿಯ ಮೈ, ನಿದ್ದೆಯಲ್ಲೇ ಉಳಿದುಹೋದವನದ್ದು. ಯೋನನಿಗೆ ದೊರೆತದ್ದು ಆ ನಿದ್ದೆ, ಎಂದು ಓದಿ ಹೇಳಿದೆ. ಗಡ್ಡವಿಲ್ಲದ ಹುಡುಗನಂಥ ಕ್ರಿಸ್ತ, ಸೂರ್ಯನ ರಥದಲ್ಲಿ ಕಿರಣಗಳ ಕಿರೀಟ ಹೊತ್ತ ಕ್ರಿಸ್ತ, ವೀಣೆಯಂಥದ್ದನ್ನು ನುಡಿಸಿ ಮೃಗಗಳನ್ನು ಸುಮ್ಮನಾಗಿಸುವ ಗಾಯಕನ ಜಾಗದಲ್ಲಿ ಕ್ರಿಸ್ತ. ದೇವದೂತರಿಗೆ ಮೊದಲು ರೆಕ್ಕೆಗಳೇ ಇರಲಿಲ್ಲವಂತೆ. ಯುದ್ಧ ಗೆದ್ದ ದೊರೆಗಳಿಗೆ ಮಾಲೆ ತರುತ್ತಿದ್ದ ಜಯದೇವತೆಯ ರೆಕ್ಕೆಗಳು ಆಮೇಲೆ ಇವರಿಗೆ ಬಂದವು. ಅವಳ ಕೈಯ ಎಲೆಮಾಲೆ ನನ್ನ ಅಂಗಡಿಗೆ ಬಂತು. ಕ್ರಿಕೆಟ್ ಕಪ್ಪಿನ ಮೇಲೆ ಈಗಲೂ ಕೊರೆಯುತ್ತಿದ್ದೇನೆ.

ಪೊರ್ಬುಗಳು ಒಂದು ಶುಕ್ರವಾರ ತೀರ್ಪು ಕೊಟ್ಟರು.

"ಇದು ಕದ್ದದ್ದಲ್ಲ ಆಚಾರ್ರೇ. ಆಲ್ಟರೇಷನ್. ಅಣ್ಣನ ಪ್ಯಾಂಟು ತಮ್ಮನಿಗೆ. ನನ್ನ ತಮ್ಮ ವಲೇರಿಯನ್ ಹೈಸ್ಕೂಲಿನಲ್ಲಿ ಹಾಕುತ್ತಿದ್ದದ್ದು ನನ್ನ ಹಳೆ ಪ್ಯಾಂಟು. ಮೊದಲು ಮಡಚಿ ಹೊಲಿಯುವುದು. ಹುಡುಗ ಉದ್ದ ಆದ ಹಾಗೆ ಬಿಚ್ಚುವುದು. ಅಷ್ಟೇ ಕೆಲಸ."

"ಬಿಚ್ಚಿದ ಕಡೆ ಗುರುತು ಉಳಿಯುವುದಿಲ್ವಾ?"

"ಉಳಿಯುತ್ತದೆ. ಹಳೆ ಮಡಿಕೆಯ ಗೆರೆ ಎಷ್ಟು ಇಸ್ತ್ರಿ ಹಾಕಿದರೂ ಹೋಗುವುದಿಲ್ಲ," ಎಂದು ಹೇಳಿ ನನ್ನ ಕಡೆಗೆ ಮುಖ ತಿರುಗಿಸಿದರು. ಅವರ ಬೆರಳು ಫಲಕದ ಕೆಳತುದಿಯಲ್ಲಿತ್ತು. ಆಗ ಹೇಳಿಬಿಡಬಹುದಿತ್ತು. ನಾನು ಪುಟ ತಿರುಗಿಸಿದೆ.

ತಿರುಗಿಸಿದ ಪುಟದಲ್ಲಿ ಕಲ್ಲಿನ ಶವಪೆಟ್ಟಿಗೆಗಳಿದ್ದವು. ಇವು ಮಾತ್ರ ನನ್ನ ವೃತ್ತಿಬಾಂಧವರ ಕೆಲಸ ಎಂದು ಒಂದೇ ನೋಟಕ್ಕೆ ತಿಳಿಯಿತು. ರೋಮಿನ ಕಾರ್ಯಾಗಾರಗಳಲ್ಲಿ ಅವನ್ನು ಮೊದಲೇ ಕೆತ್ತಿ ಇಡುತ್ತಿದ್ದರಂತೆ: ದ್ರಾಕ್ಷಿಬಳ್ಳಿ, ಕುರಿಗಾಹಿ, ಕೈಯೆತ್ತಿ ಪ್ರಾರ್ಥಿಸುವ ಹೆಂಗಸು. ಹಳೆಯ ದೇವರನ್ನು ನಂಬುವವರೂ ಕೊಳ್ಳಬಹುದು, ಹೊಸ ದೇವರನ್ನು ನಂಬುವವರೂ ಕೊಳ್ಳಬಹುದು. ನಡುವಿನ ದೊಡ್ಡ ಚಿಪ್ಪಿನೊಳಗೆ ಗಂಡಹೆಂಡಿರ ಎದೆಯವರೆಗಿನ ಮೂರ್ತಿ. ಉಡುಪು, ಕೈ, ಕೈಯಲ್ಲಿನ ಸುರುಳಿ ಎಲ್ಲ ತಯಾರು. ಮುಖ ಮಾತ್ರ ಒರಟು ಕಲ್ಲು. ಕೊಂಡವರು ಯಾರೆಂದು ತಿಳಿದ ಮೇಲೆ ಅವರ ಮುಖ ಕೊರೆಯಬೇಕು. ಎಷ್ಟೋ ಪೆಟ್ಟಿಗೆಗಳಲ್ಲಿ ಕೊರೆಯದೆ ಉಳಿದೇಹೋಗಿದೆ.

"ಯಾಕೆ?" ಎಂದರು ಪೊರ್ಬುಗಳು.

"ಗೊತ್ತಿಲ್ಲ. ಪುಸ್ತಕಕ್ಕೂ ಗೊತ್ತಿಲ್ಲ. ಸಮಯ ಸಿಕ್ಕಿಲ್ಲವೋ ಏನೋ."

ಕೆಳಗೆ ರಸ್ತೆಯಲ್ಲಿ ಗ್ಯಾಸಿನ ಲಾರಿ ಸಿಲಿಂಡರ್ ಬಡಿಯುತ್ತ ಹೋಯಿತು. "ನನಗೂ ಈಗ ಎಲ್ಲರೂ ಹಾಗೇ, ಆಚಾರ್ರೇ," ಎಂದರು. "ಅಂಗಿ ಉಂಟು, ಕೈ ಉಂಟು, ದನಿ ಉಂಟು. ಮುಖ ಮಾತ್ರ ಕಲ್ಲು. ಹಿಲ್ಡಾಳದ್ದೂ ಮೊನ್ನೆಯಿಂದ ಸರಿಯಾಗಿ ನೆನಪಿಗೆ ಬರುವುದಿಲ್ಲ. ಅವಳಿಗೆ ಹೇಳಬೇಡಿ."

ನಾನು ಹೇಳಲಿಲ್ಲ. ಬೂಟಿನ ಸಂಗತಿಯನ್ನೂ ಹೇಳಲಿಲ್ಲ. ಎರಡು ವರ್ಷದ ಶುಕ್ರವಾರಗಳಲ್ಲಿ ಪುಸ್ತಕ ಮುಗಿದು, ಮತ್ತೆ ಮೊದಲಿನಿಂದ, ಅಂದರೆ ಹದಿನೇಳನೆಯ ಪುಟದಿಂದ, ಓದುತ್ತಿದ್ದಾಗ ಅವರ ಮೂತ್ರಪಿಂಡಗಳು ಕೈ ಚೆಲ್ಲಿದವು. ಆಸ್ಪತ್ರೆಯಲ್ಲಿ ಎರಡು ವಾರ. ಮಹಬೂಲಾದಲ್ಲಿ ಇರುವ ತಮ್ಮ ವಲೇರಿಯನ್ ದಿನವೂ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಬಂದು, ಅಣ್ಣನ ಕೈ ಹಿಡಿದು ಜಪ ಹೇಳಿಸಿದರು. ಬಳಿಕ ಕಾಗದಪತ್ರ, ಮೊಹರು, ಮತ್ತೆ ಮೊಹರು. ಸತ್ತವರ ಇಕಾಮಾವನ್ನೂ ಕ್ರಮಬದ್ಧವಾಗಿ ರದ್ದುಪಡಿಸಬೇಕು. ಆಗಲೇ ಮನುಷ್ಯ ನಿಜವಾಗಿ ಹೊರಡುವುದು. ಪೊರ್ಬುಗಳು ಊರಿಗೆ ಹೋಗಿ ತಮ್ಮ ಇಗರ್ಜಿಯ ಹಿಂದೆ ತಂದೆಯ ಪಕ್ಕದಲ್ಲಿ ಮಲಗಿದರು. ಮಣ್ಣು ಮಾಡಿಸಿ ಬಂದ ಹಿಲ್ಡಾ ಬಾಯಿ ಶಾಲೆಯ ವರ್ಷ ಮುಗಿಯುವವರೆಗೆ ಇಲ್ಲಿ ದುಡಿದರು.

ಕಳೆದ ವರ್ಷ ಒಂದು ಶನಿವಾರ ಬೆಳಿಗ್ಗೆ ಅವರು ಮೈದುನನ ಜೊತೆ ನಮ್ಮ ಅಂಗಡಿಗೆ ಬಂದರು. ಗಂಡನ ವರ್ಷದ ಪೂಜೆಗೆ ಊರಿಗೆ ಹೋಗುವವರು, ಇನ್ನು ಹಿಂತಿರುಗುವವರಲ್ಲ. ಗೋರಿಗೆ ಕೂಡಿಸಲು ಒಂದಡಿಯ ಕಪ್ಪು ಕಲ್ಲು ಕೊರೆಸಬೇಕಿತ್ತು. ಹಸನಬ್ಬಾಕ ಕಲ್ಲು ತಂದು ಗಾಜಿನ ಮೇಜಿನ ಮೇಲಿಟ್ಟರು. "ಇದು ನಮ್ಮ ಊರಿನ ಕಡೆಯದ್ದೇ ಬಾಯಮ್ಮ. ಕಾರ್ಕಳದ ಕಲ್ಲು ಹಡಗಿನಲ್ಲಿ ಇಲ್ಲಿಗೆ ಬಂದು, ಈಗ ವಿಮಾನದಲ್ಲಿ ವಾಪಸ್ ಹೋಗ್ತದೆ. ನಮ್ಮೆಲ್ಲರ ಹಾಗೆ."

ಹಿಲ್ಡಾ ಬಾಯಿ ಚೀಲದಿಂದ ಟವೆಲಿನಲ್ಲಿ ಸುತ್ತಿದ ಹಿತ್ತಾಳೆಯ ಫಲಕ ತೆಗೆದರು. "ಇದೇ ಚಿತ್ರ ಆಗ್ಬೇಕು ಆಚಾರ್ರೇ. ಇದ್ದ ಹಾಗೇ."

"ವೊನಿ," ಎಂದು ವಲೇರಿಯನ್ ಅತ್ತಿಗೆಯನ್ನು ತಡೆದರು. "ನಾವು ಮಾತಾಡಿದ್ದು ಬರೇ ಶಿಲುಬೆ ಅಂತ."

"ಮಾತಾಡಿದ್ದು ನೀನು. ನಾನು ಕೇಳಿದ್ದು."

ವಲೇರಿಯನ್ ನನ್ನ ಕಡೆ ತಿರುಗಿದರು. "ನೀವೇ ಹೇಳಿ ಆಚಾರ್ರೇ. ಗೆಜ್ಜೆ ಕಟ್ಟಿದ ಕುರಿಗಾಹಿ ಎಲ್ಲಿಯಾದರೂ ಉಂಟಾ? ಬೂಟು ಅಂತ ಅಣ್ಣ ಹೇಳ್ತಿದ್ದರು. ನನಗೆ ಕಣ್ಣುಂಟು, ನನಗೆ ಗೆಜ್ಜೆಯೇ ಕಾಣುವುದು. ಅಲ್ಲಿ ಸಾಲಾಗಿ ಅಪ್ಪ, ಅಜ್ಜ ಎಲ್ಲರ ತಲೆಯ ಹತ್ತಿರ ಶಿಲುಬೆ. ನಡುವೆ ಅಣ್ಣನದ್ದು ಒಂದು ನೋಡಿ ಜನ ನಗ್ಬಾರದು. ಪಾದ್ರಿಯವರು ಕೇಳಿದರೆ ನಾನು ಎಂತ ಹೇಳ್ಲಿ?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅಣ್ಣನ ಕೊನೆಯ ಉಸಿರಿನವರೆಗೆ ಜಪ ಹೇಳಿಸಿದವರಿಗೆ ಅಣ್ಣನ ಕಲ್ಲಿನ ಮೇಲೆ ಏನಿರಬೇಕೆಂದು ಹೇಳುವ ಹಕ್ಕಿದೆ. ಅಲ್ಲದೆ, ನಿಜ ಹೇಳುತ್ತೇನೆ, ಆ ಗೆಜ್ಜೆ ಅಳಿಸಿಹೋಗಲಿ ಎಂದು ಎಲ್ಲರಿಗಿಂತ ಹೆಚ್ಚು ಬಯಸಿದವನು ನಾನು. ಹಿತ್ತಾಳೆ ಮಾಸುತ್ತದೆ. ಕಾರ್ಕಳದ ಕಲ್ಲು ಮಾಸುವುದಿಲ್ಲ. ನನ್ನ ತಪ್ಪು ಗೆಳೆಯನ ಎದೆಯ ಮೇಲೆ ಮುನ್ನೂರು ವರ್ಷ ಕೂರುವುದು ನನಗೆ ಬೇಡವಾಗಿತ್ತು.

"ಅದು ಬೂಟಲ್ಲ," ಎಂದೆ. "ವಲೇರಿಯನ್ ಹೇಳುವುದು ಸರಿ. ಅದು ಗೆಜ್ಜೆ. ಅಷ್ಟಮಿಗೆಂದು ಬರೆದ ಕೃಷ್ಣನನ್ನು ನಾನು ಅವಸರದಲ್ಲಿ ತಿದ್ದಿ ಕುರಿಗಾಹಿ ಮಾಡಿದ್ದು. ಕಾಲು ತಿದ್ದಲು ಮರೆತೆ. ಆಮೇಲೆ ಪೊರ್ಬುಗಳು ಕೇಳಿದಾಗ ನಾಚಿಕೆಯಾಗಿ ಸುಳ್ಳು ಹೇಳಿದೆ. ಬಾಯಮ್ಮ, ನನ್ನನ್ನು ಕ್ಷಮಿಸಿ. ಕಾಲು ಸರಿ ಮಾಡಿ ಕೊಡ್ತೇನೆ. ಇಲ್ಲವಾದರೆ ಶಿಲುಬೆಯೇ ಆಗಲಿ."

ವಲೇರಿಯನ್ ಫಲಕವನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಹಸನಬ್ಬಾಕ ಸ್ಕೇಲನ್ನು ಜೇಬಿಗಿಳಿಸಿ, "ಅಳತೆ ಸರಿ ಇತ್ತು," ಎಂದು ಮೆಲ್ಲಗೆ ಹೇಳಿ ಒಳಗೆ ಹೋದರು.

"ಅವರಿಗೆ ಗೊತ್ತಿತ್ತು," ಎಂದರು ಹಿಲ್ಡಾ ಬಾಯಿ.

ನನಗೆ ಅರ್ಥವಾಗಲಿಲ್ಲ.

"ನೀವು ಬೂಟು ಅಂತ ಹೇಳಿದ ದಿನವೇ. ನೀವು ಮೆಟ್ಟಿಲು ಇಳಿಯುತ್ತಿದ್ದಿರಿ, ಇವರು ನನ್ನನ್ನು ಕರೆದು ಹೇಳಿದರು, ಆಚಾರಿ ಸುಳ್ಳು ಹೇಳಿ ಹೋದ, ಈಗ ಪುರಾವೆ ಹುಡುಕ್ತಾನೆ. ನಾನು ಹೇಳಿದೆ, ಪಾಪ, ಗೊತ್ತುಂಟು ಅಂತ ಅವರಿಗೆ ಹೇಳಿಬಿಡಿ. ಬೇಡ ಅಂದರು. ಹುಡುಕಲಿ, ಹಾಗಾದರೂ ಶುಕ್ರವಾರ ಬರ್ತಾನೆ ಅಲ್ವಾ ಅಂದರು."

ಎರಡು ವರ್ಷ ನಾನು ಕುರುಡರೊಬ್ಬರಿಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಹೋಗುವಾಗ ಬರುವಾಗ ಆ ಉಪಕಾರದ ಭಾರಕ್ಕೆ ಸ್ವಲ್ಪ ಬಾಗಿಯೇ ನಡೆಯುತ್ತಿದ್ದೆ.

"ಶಿಲುಬೆ ಬೇಡ ಅಂತಲ್ಲ ವಲೇರಿಯನ್," ಎಂದು ಅವರು ಮೈದುನನಿಗೆ ಹೇಳಿದರು. "ಕಣ್ಣು ಹೋದ ಮೇಲೆ ನಿನ್ನ ಅಣ್ಣ ಯಾರು ಬಂದರೂ ಕಾಲಿನ ಸದ್ದಿನಲ್ಲಿ ಗುರುತು ಹಿಡಿಯುತ್ತಿದ್ದರು. ನನ್ನನ್ನು, ನಿನ್ನನ್ನು, ಇವರನ್ನು. ಈಗ ಅಲ್ಲಿ ಮಲಗಿದ್ದಾರೆ. ಈ ಕುರಿಗಾಹಿ ಹುಡುಕಿಕೊಂಡು ಬರುವಾಗ ಇವನ ಕಾಲಿಗೂ ಒಂದು ಸದ್ದಿರಲಿ ಅಂತ ನನಗೆ."

"ಅವರು ಇದನ್ನೆಲ್ಲ ಆಲ್ಟರೇಷನ್ ಅನ್ನುತ್ತಿದ್ದರು," ಎಂದೆ.

ವಲೇರಿಯನ್ ತಲೆಯೆತ್ತಿದರು. "ನನ್ನ ಪ್ಯಾಂಟಿನ ಸಂಗತಿಯೂ ಹೇಳಿದ್ರಾ?"

"ಹೇಳಿದ್ದರು."

"ಮೂರು ಗೆರೆ ಇತ್ತು ಅದರಲ್ಲಿ," ಎಂದರು ಅವರು, ಮೇಜಿಗೆ ಹೇಳುವಂತೆ. "ಹತ್ತನೇ ಕ್ಲಾಸಿಗೆ ಬರುವಾಗ ಮೂರು ಸಲ ಬಿಚ್ಚಿ ಆಗಿತ್ತು. ಹುಡುಗರು ಗೆರೆ ಎಣಿಸಿ ನಗ್ತಿದ್ದರು. ನಾನು ಇಲ್ಲಿಗೆ ಅಣ್ಣನಿಗೆ ಕಾಗದ ಬರೆದೆ, ಹೊಸ ಪ್ಯಾಂಟು ಕಳಿಸು, ಇದು ಬೇಡ ಅಂತ. ಅಣ್ಣ ಕಳಿಸಿದರು. ಜೊತೆಗೆ ಒಂದು ಸಾಲು ಬರೆದಿದ್ದರು. ಹಳೆಯದನ್ನು ಬಿಸಾಡಬೇಡ, ಊರಿಗೆ ಬಂದಾಗ ನೀನು ಎಷ್ಟು ಬೆಳೆದಿದ್ದಿ ಅಂತ ನೋಡಲು ನನಗೆ ಬೇರೆ ಎಂತ ಉಂಟು ಅಂತ."

ಅವರು ತೋರುಬೆರಳನ್ನು ಫಲಕದ ಮೇಲಿಟ್ಟು ಅಂಗಿಯ ಅಂಚಿನಿಂದ ಕೆಳಗೆ ಇಳಿಸಿದರು. ಹಿತ್ತಾಳೆ ಅಲ್ಲಿ ಮಾತ್ರ ಸವೆದು ಹೊಳೆಯುತ್ತಿತ್ತು. ಬೆರಳು ಅಲ್ಲಿ ಎಷ್ಟೋ ಹೊತ್ತು ಇತ್ತು.

"ಮೇಲೆ ಒಂದು ಸಣ್ಣ ಶಿಲುಬೆ ಹಾಕಿ ಆಚಾರ್ರೇ," ಎಂದರು ಕೊನೆಗೆ. "ಕಾಲು ಇದ್ದ ಹಾಗೇ ಇರಲಿ. ಪಾದ್ರಿಯವರಿಗೆ ನಾನು ಹೇಳ್ತೇನೆ." ಮತ್ತೆ ಸ್ವಲ್ಪ ತಡೆದು, "ವೊನಿ, ಹಿತ್ತಾಳೆಯದ್ದು ನನಗೆ ಕೊಡ್ತೀರಾ?"

ಕಲ್ಲಿನ ಕೆಲಸಕ್ಕೆ ಈಗ ಯಂತ್ರವಿದೆ. ಕಂಪ್ಯೂಟರಿಗೆ ಚಿತ್ರ ಕೊಟ್ಟರೆ ಸೂಜಿ ತಾನೇ ಓಡಾಡಿ ಕೊರೆಯುತ್ತದೆ. ಹೆಸರು, ಶಿಲುಬೆ, ಕುರಿ, ದೊಣ್ಣೆ ಎಲ್ಲ ಯಂತ್ರವೇ ಕೊರೆಯಿತು. ಬಲಪಾದವನ್ನು ಮಾತ್ರ ಯಂತ್ರಕ್ಕೆ ಕೊಡಲಿಲ್ಲ. ಅಪ್ಪನ ಪೆಟ್ಟಿಗೆಯಿಂದ ನಾನು ಈ ದೇಶಕ್ಕೆ ತಂದದ್ದು ಒಂದು ಪುಟ್ಟ ಸುತ್ತಿಗೆ. ಗಟ್ಟಿ ಮೊನೆಯ ಉಳಿಯನ್ನು ಪೇಟೆಯಲ್ಲಿ ಕೊಂಡೆ. ಮೂರು ಮಧ್ಯಾಹ್ನ ಕುಳಿತು ಗೆಜ್ಜೆಯ ಹದಿಮೂರು ಗುಂಡುಗಳನ್ನು ಒಂದೊಂದಾಗಿ ಕೊರೆದೆ, ಉಳಿದ ಗೆರೆಗಳಿಗಿಂತ ಎರಡು ಪಟ್ಟು ಆಳಕ್ಕೆ. ಮೊದಲ ಸಲ ಅದನ್ನು ಮರೆತು ಉಳಿಸಿದ್ದೆ. ಎರಡನೆಯ ಸಲ ಬೇಕೆಂದೇ ಉಳಿಸಬೇಕಿತ್ತು. ಹಸನಬ್ಬಾಕ ಬಂದು ಸ್ಕೇಲು ಇಟ್ಟರು. ಈ ಸಲ ಸ್ಕೇಲು ತೆಗೆದ ಮೇಲೂ ಕ್ಷಣಕಾಲ ನಿಂತಿದ್ದು, "ಸರಿ ಉಂಟು," ಎಂದರು. ಅಳತೆಯೋ ಚಿತ್ರವೋ ಎಂದು ನಾನು ಕೇಳಲಿಲ್ಲ.

ಒಯ್ಯಲು ಬಂದ ದಿನ ಹಿಲ್ಡಾ ಬಾಯಿ ಕಲ್ಲನ್ನು ನೋಡುವ ಬದಲು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಣ್ಣು ಮುಚ್ಚಿಕೊಂಡರು. ಬೆರಳು ಶಿಲುಬೆಯಿಂದ ಹೊರಟು, ಗಂಡನ ಹೆಸರಿನ ಒಂದೊಂದೇ ಅಕ್ಷರ ದಾಟಿ, ಕುರಿಮರಿಯ ಉಣ್ಣೆಯನ್ನು ಹಾದು, ದೊಣ್ಣೆಯ ಗುಂಟ ಇಳಿಯಿತು. ಅಂಗಿಯ ಅಂಚಿನಲ್ಲಿ ದಾರಿ ತಪ್ಪಿ ಹುಲ್ಲಿನ ಪೊದೆಗೆ ಹೋಯಿತು, ಹಿಂದೆ ಬಂತು, ಬಲಗಾಲು ಸಿಕ್ಕಿತು, ಕೆಳಗೆ ಜಾರಿ ನಿಂತಿತು.

"ಉಂಟು," ಎಂದರು.